ಹೆಸರಿಡದ ಫೋಲ್ಡರ್

೩ ಜೂನ್, ಸೋಮವಾರ

ಇವತ್ತೂ ಅದೇ ಎರರ್. ಡಿಸ್ಕ್‌ನಲ್ಲಿ ಜಾಗವಿಲ್ಲ. ರೋಣದ ಕಂಪ್ಯೂಟರ್ ಕ್ಲಾಸಿನವರು ಬೇಡವೆಂದು ಕೊಟ್ಟ ಯಂತ್ರ. ಲಿನಕ್ಸ್ ಹಾಕಿದ್ದಕ್ಕೆ ಇಷ್ಟಾದರೂ ಓಡುತ್ತಿದೆ. ನಮ್ಮ ಯಜಮಾನರ ದನಿಯಲ್ಲೇ ಮಾತಾಡುವ ಪ್ರೋಗ್ರಾಂ ಇದರಲ್ಲೇ ಕಟ್ಟಬೇಕು, ಬಿಲ್ಡ್ ಮಾಡಬೇಕು. ಹದಿನಾಲ್ಕಕ್ಕೆ ಹುಬ್ಬಳ್ಳಿಯಲ್ಲಿ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ದನಿಯೂ ಹೋಗುತ್ತದೆ.

ರೆಕಾರ್ಡಿಂಗಿಗೆಂದು ಇವರು ಇನ್ನೂರು ವಾಕ್ಯ ಓದಿದರು. ನಡುನಡುವೆ ಕಂಡಕ್ಟರ್ ಚಾಳಿ— "ಜಕ್ಕಲಿ, ಇಟಗಿ, ಗಜೇಂದ್ರಗಡ... ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ!" ನಕ್ಕೆ. ಆಮೇಲೆ ಅಳು ತಡೆಯಲಾಗಲಿಲ್ಲ.

ರೆಕಾರ್ಡಿಂಗ್ ಫೋಲ್ಡರಿಗೆ ಇವರ ಹೆಸರು ಟೈಪ್ ಮಾಡುತ್ತಿದ್ದೆ. ಅತ್ತೆ ಗಾಳೆವ್ವ ಹಿಂದೆಯೇ ನಿಂತಿದ್ದರು.

"ಏನ ಬರಿಯಾಕತ್ತೀ?"

"ನಿಮ್ಮ ಮಗನ ಹೆಸರ್ರಿ ಅತ್ತಿ."

"ಗಂಡನ ಹೆಸರ ಬರೀತಾರೇನವಾ? ಅದೂ ದವಾಖಾನಿಗೆ ಹೋಗೋ ಹೊತ್ನ್ಯಾಗ?"

ಇದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಹೆಸರು ಅಳಿಸಿದೆ. ಕಂಪ್ಯೂಟರ್ ತಾನೇ ಕೊಟ್ಟ 'ಹೆಸರಿಡದ ಫೋಲ್ಡರ್' ಎಂದೇ ಇರಲಿ.

೧೨ ಜೂನ್

ಫೋನೂ ತುಂಬಿತು. ರೆಕಾರ್ಡಿಂಗ್ ಎಲ್ಲವನ್ನೂ ಕಂಪ್ಯೂಟರಿನ ಅದೇ ಫೋಲ್ಡರಿಗೆ ಹಾಕಿ ಫೋನಿನಿಂದ ತೆಗೆದೆ. ಇವರ ಹಳೆಯ ವಾಯ್ಸ್ ಮೆಸೇಜುಗಳನ್ನೂ. ಒಟ್ಟು ಹನ್ನೊಂದು ತಾಸು.

೨೯ ಜೂನ್

ಮನೆಗೆ ಬಂದರು. ಕೊರಳಲ್ಲಿ ತೂತು, ಕೈಯಲ್ಲಿ ಪಾಟಿ. ಬಳಪ ಹಿಡಿದು ಬರೆದರು— "ನನ್ನ ದನಿ ಯಾವಾಗ?"

"ನಾಳೇನ ರೀ."

೩೦ ಜೂನ್, ಮಧ್ಯಾಹ್ನ

ಬಿಲ್ಡ್ ತೊಂಬತ್ತು ಪರ್ಸೆಂಟಿಗೆ ನಿಂತಿತು. ಮತ್ತೆ ಜಾಗವಿಲ್ಲ. ಕಾನ್ಫಿಗರೇಶನ್‌ನಲ್ಲಿ ಬೇಡದ್ದೆಲ್ಲ ಆಫ್ ಮಾಡಿದೆ. ಸಾಲಲಿಲ್ಲ. ಸಿಟ್ಟು ನೆತ್ತಿಗೇರಿತು. ಕೆಟ್ಟುಹೋದ ಹಳೆಯ ಬಿಲ್ಡ್‌ಗಳು ಹೀಗೇ ಹೆಸರಿಡದ ಫೋಲ್ಡರ್‌ಗಳಲ್ಲಿ ಬಿದ್ದಿದ್ದವು. ಹೆಸರಿಡದವನ್ನೆಲ್ಲ ಒಂದೇ ಕಮಾಂಡ್‌ನಲ್ಲಿ ಅಳಿಸಿ ಬಿಲ್ಡ್ ಹಚ್ಚಿದೆ.

ಸಂಜೆ ೫

ಆಯಿತು! ಎರರ್ ಒಂದೂ ಇಲ್ಲ. ರೆಕಾರ್ಡಿಂಗ್ ಎಲ್ಲಿವೆ ಎಂದು ಕೇಳುತ್ತಿದೆ. ಫೋಲ್ಡರ್ ಹುಡುಕಿದೆ...

ದೇವರೇ.

೧ ಜುಲೈ

ಅಳಿಸಿದ್ದನ್ನು ಮರಳಿ ತರುವ ರಿಕವರಿ ಪ್ರೋಗ್ರಾಂ ಹಾಕಿದೆ. ಮೂರು ಸಲ. ಏನೂ ಬರಲಿಲ್ಲ. ಅಳಿಸಿದ ಜಾಗದ ಮೇಲೆಯೇ ಹೊಸ ಬಿಲ್ಡ್ ಕೂತಿದೆ. ತಪ್ಪನ್ನು ಅತ್ತೆಯ ಮೇಲೆ ಹಾಕಲೇ? ಎಂಟರ್ ಒತ್ತಿದ್ದು ನನ್ನ ಬೆರಳು. ಇವರ ಮುಖ ನೋಡಲು ಭಯ. ಊಟ ಬಡಿಸುವಾಗಲೂ ಪಾಟಿಯ ಕಡೆ ಕಣ್ಣು ಹಾಯಿಸುವುದಿಲ್ಲ.

೪ ಜುಲೈ

ಪಾಟಿ ತಂದು ಮುಂದೆಯೇ ಹಿಡಿದರು. "ಅನ್ನಪೂರ್ಣಾ, ಒಂದ ಸಲ ಕೇಳಸ. ಬರೇ ಜಕ್ಕಲಿ ಅಂದ್ರೂ ಸಾಕ."

"ಇನ್ನೂ ಬಿಲ್ಡ್ ಆಗಾಕತ್ತೈತ್ರಿ."

ತಲೆಯಾಡಿಸಿದರು. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಈಗಲೂ ಕೂತಿದ್ದಾರೆ, ಸ್ಕ್ರೀನ್ ನೋಡುತ್ತಾ.

ಹೊಸ ಫೋಲ್ಡರ್ ಮಾಡಿದೆ. ಈ ಸಲ ಇವರ ಹೆಸರು ಬರೆದೆ. ಮೈಲಾರಿ. ಒಳಗೆ ಏನೂ ಇಲ್ಲ.