ತಗ್ಗಿಗೆ ಕೂತ ಕಪಾಟು

ಭಾನುವಾರ, ಮಧ್ಯಾಹ್ನ

ಕನ್ನಡಕದ ಅಂಗಡಿಯವಳಿಗೆ,

ಪ್ರೀತಿಯ ಎಂದು ಬರೆದರೆ ಪೆನ್ನೇ ನಕ್ಕುಬಿಡುತ್ತದೆ. ತಂಗಿ ಎನ್ನೋಣವೆಂದರೆ ಹೊಟ್ಟೆ ಉರಿಯುತ್ತದೆ. ನಿನ್ನ ಅಂಗಡಿಯ ಬೋರ್ಡಿನಲ್ಲಿರುವುದನ್ನೇ ಬರೆದಿದ್ದೇನೆ, ಸುಧಾರಿಸಿಕೋ. ವಯಸ್ಸಿನಲ್ಲಿ ನೀನು ಚಿಕ್ಕವಳು, ಅದಕ್ಕೇ ಏಕವಚನ. ಬೇರೆ ಸಲಿಗೆಯೇನೂ ಇಲ್ಲ.

ಮನೆ ಬಿಡಬೇಕೇ, ಸಾಮಾನು ಕಟ್ಟಲು ಶುರುಮಾಡಲೇ ಎಂದು ವಕೀಲರ ಮೂಲಕ ಕೇಳಿಸಿದ್ದೀಯಂತೆ. ಉತ್ತರ ಕೊಡುತ್ತೇನೆ. ಹನ್ನೆರಡು ವರ್ಷ ನಾನು ಕಾದಿದ್ದೇನೆ, ನೀನು ಎರಡು ಪುಟ ಕಾಯಬಹುದು.

ನನ್ನ ಗಂಡ ನಿನ್ನ ಅಂಗಡಿಗೆ ಬಂದದ್ದು ಓದುವ ಕನ್ನಡಕಕ್ಕೆ. ಮರಗೆಲಸ ಮಾಡುವವರಿಗೆ ಅಳತೆಪಟ್ಟಿಯ ಗೆರೆ ಕಾಣದಿದ್ದರೆ ಹೇಗೆ, ಹೋಗಿ ಮಾಡಿಸಿಕೊಳ್ಳಿ ಎಂದು ಕಳಿಸಿದವಳು ನಾನೇ. ಕಣ್ಣು ಸರಿಹೋಯಿತು, ಮನೆಯ ದಾರಿ ಮರೆತುಹೋಯಿತು. ಈಗ ಅವರೂ ಇಲ್ಲ. ನೀನಿರುವ ಮನೆ ಅವರ ಹೆಸರಿನಲ್ಲೇ ಇದೆ, ಉಯಿಲು ಬರೆದಿಟ್ಟಿಲ್ಲ. ಹಳೆಯ ಕಾನೂನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಹೆಂಡತಿ ನಾನು, ಮಗಳಿದ್ದಾಳೆ, ನಿನ್ನನ್ನು ಹೊಸಿಲು ದಾಟಿಸಿ ಬೀಗ ಜಡಿಯುತ್ತಿದ್ದೆ. ಈ ವರ್ಷ ಸರ್ಕಾರ ಅದನ್ನು ತಿದ್ದಿದೆ. ಮದುವೆಯಾಗದಿದ್ದರೂ ಹತ್ತು ವರ್ಷ ಒಂದೇ ಮನೆಯಲ್ಲಿ ಜೊತೆಗೆ ಬಾಳಿದವರನ್ನು, ಅವರು ಬದುಕಿರುವವರೆಗೆ ಅಲ್ಲಿಂದ ಎಬ್ಬಿಸುವಂತಿಲ್ಲ. ಮನೆ ನಮ್ಮದು, ವಾಸ ನಿನ್ನದು. ಅದನ್ನು ಪೇಪರಿನಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಆದರೆ ಅದರಲ್ಲೊಂದು ಕಿಂಡಿ ಇದೆಯೆಂದು ನನ್ನ ವಕೀಲರು ತೋರಿಸಿದರು. ನನ್ನ ಗಂಡ ನಿಜಕ್ಕೂ ನಿನ್ನ ಜೊತೆ ಇದ್ದರೆಂದು ರುಜುವಾತಾಗಬೇಕು, ಅದರಲ್ಲಿ ಹೆಂಡತಿಯ ಹೇಳಿಕೆಗೆ ತೂಕ ಹೆಚ್ಚು. "ಕೊನೇವರೆಗೂ ನನ್ನ ಜೊತೇಲೇ ಇದ್ರು, ಕೆಲಸಕ್ಕೆ ಅಂತ ಆಗಾಗ ಅಲ್ಲಿಗೆ ಹೋಗ್ತಿದ್ರು ಅನ್ನಿ, ಸಾಕು" ಎಂದರು. ಆ ಮಾತು ಎಷ್ಟು ರುಚಿಯಾಗಿತ್ತೆಂದರೆ, ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಮತ್ತೆ ಮತ್ತೆ ಹೇಳಿಕೊಂಡೆ. ನನ್ನ ಜೊತೆಯೇ ಇದ್ದರು. ನನ್ನ ಜೊತೆಯೇ.

ಸಾಕ್ಷಿಗೂ ಕೊರತೆಯಿರಲಿಲ್ಲ. ಅವರು ಬಿಟ್ಟುಹೋದ ನೀಲಿ ಪಟ್ಟೆಯ ಅಂಗಿಯನ್ನು ನಾನು ಶನಿವಾರ ಶನಿವಾರ ಒಗೆದು ಬಾಲ್ಕನಿಯ ಹಗ್ಗಕ್ಕೆ ಹಾಕುತ್ತಿದ್ದೆ. ಯಾರೂ ತೊಡದ ಅಂಗಿ ಒಗೆದು ಒಗೆದೇ ಸವೆದಿತ್ತು. ಮೇಲಿನ ಮನೆಯ ಅಜ್ಜಿ ಕೇಳಿದಾಗಲೆಲ್ಲ, ತಡವಾಗಿ ಬಂದು ಬೇಗ ಹೋಗುತ್ತಾರೆ ಎನ್ನುತ್ತಿದ್ದೆ. ಅಂಗಿ ಒಣಗುವುದನ್ನು ಕಣ್ಣಾರೆ ಕಂಡಿದ್ದೇನೆ, ಕೋಲೂರಿಕೊಂಡಾದರೂ ಬಂದು ಹೇಳುತ್ತೇನೆ ಎಂದು ಅಜ್ಜಿ ತಯಾರಾಗಿದ್ದರು.

ಹೇಳಿಕೆಗೆ ಮುಂಚೆ ಒಮ್ಮೆ ಮನೆ ನೋಡಬೇಕೆಂದು ಬಂದೆನಲ್ಲ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡೇ ಬಂದಿದ್ದೆ. ನಿನ್ನನ್ನು ನೋಡಿದ ಕೂಡಲೇ ಅರ್ಧ ಸೋತೆ. ಇಷ್ಟು ಎತ್ತರದವಳೆಂದು ಯಾರೂ ಹೇಳಿರಲಿಲ್ಲ. ನಾನು ಅವರ ಅಂಗಿಯ ಜೇಬಿನವರೆಗೆ ಬರುತ್ತಿದ್ದೆ ಅಷ್ಟೆ, ನೀನು ಭುಜಕ್ಕೆ ಭುಜ ತಾಗಿಸಿ ನಡೆದಿರಬೇಕು. ಕಿಟಕಿಯ ಪಕ್ಕ ನಿನಗೆಂದೇ ಮಾಡಿದ ಕುರ್ಚಿ. ಕನ್ನಡಕಗಳನ್ನಿಡಲು ಸಣ್ಣ ಸಣ್ಣ ಡ್ರಾಯರುಗಳು, ಒಂದೂ ಕಿರ್ ಎನ್ನುವುದಿಲ್ಲ. ನನ್ನ ಮನೆಯ ಬಾಗಿಲು ಇವತ್ತಿಗೂ ಕಿರುಗುಟ್ಟುತ್ತದೆ. ಒಂದೊಂದನ್ನೂ ಎಳೆದು ನೋಡಿದೆ. ನಾನು ಎಳೆದದ್ದನ್ನೆಲ್ಲ ನೀನು ಹಿಂದೆಯೇ ಮುಚ್ಚುತ್ತಾ ಬಂದೆ, ಅದಕ್ಕೂ ನನಗೆ ಸಿಟ್ಟು ಬಂತು.

ಆಮೇಲೆ ನೀನು ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದೆ, ನಾನೂ ಹಿಂದೆಯೇ ಬಂದೆ. ಒಲೆಯ ಪಕ್ಕದ ಗೋಡೆ ಕಪಾಟಿನಿಂದ ಡಬ್ಬಿ ತೆಗೆಯುವಾಗ ಅದರ ಅಂಚು ನಿನ್ನ ಹಣೆಗೆ ಬಡಿಯಿತು, ಹಳೆಯ ಗಾಯದ ಗುರುತಿನ ಮೇಲೆಯೇ. ನೋವಾಯಿತೇ ಎಂದು ಬಾಯಿತಪ್ಪಿ ಕೇಳಿದೆ. "ಅಭ್ಯಾಸ ಆಗಿದೆ. ಎತ್ತರಕ್ಕೆ ಹಾಕಿಕೊಡಿ ಅಂತ ಹೇಳಿದಾಗೆಲ್ಲ ಬಿಚ್ತಿದ್ರು, ಮತ್ತೆ ಅಲ್ಲಿಗೇ ಕೂರಿಸ್ತಿದ್ರು" ಎಂದೆ ನೀನು. ನೀನು ಹಣೆಗೆ ತಣ್ಣೀರು ಹಾಕಿಕೊಂಡು ಬರುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದೆ. ಚಹಾ ಕುಡಿಯದೆ ಹೋದಳು, ಎಷ್ಟು ಸೊಕ್ಕು ಎಂದುಕೊಂಡಿರುತ್ತೀಯ. ಅಂದುಕೋ.

ಶುಕ್ರವಾರ ಸರ್ಕಾರಿ ಕಚೇರಿಯಲ್ಲಿ ಹೇಳಿಕೆ ಕೊಟ್ಟೆ. ಹನ್ನೆರಡು ವರ್ಷದಿಂದ ಅವರು ನನ್ನ ಜೊತೆ ಇರಲಿಲ್ಲ, ಅವಳ ಜೊತೆ ಇದ್ದರು ಎಂದೆ. ಅಧಿಕಾರಿಗೆ ಕೇಳಿಸಲಿಲ್ಲವಂತೆ, ಗಟ್ಟಿಯಾಗಿ ಹೇಳಿ ಎಂದರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುವಂತೆ ಇನ್ನೊಮ್ಮೆ ಹೇಳಿದೆ. ಅಜ್ಜಿಯೂ ಅಲ್ಲೇ ಕೂತಿದ್ದರು. ಮರಳುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, ಅಂಗಿಯ ವಿಷಯ ಮೊದಲಿನಿಂದಲೂ ಗೊತ್ತಿತ್ತು ಬಿಡು ಎಂದರು. ಗೊತ್ತಿದ್ದೂ ನನಗಾಗಿ ಸುಳ್ಳು ಹೇಳಲು ಬಂದಿದ್ದರು. ಆಗ ಮಾತ್ರ ನನಗೆ ಅಳು ತಡೆಯಲಾಗಲಿಲ್ಲ.

ಆದ್ದರಿಂದ ಸಾಮಾನು ಕಟ್ಟಬೇಡ. ನ್ಯಾಯ ನ್ಯಾಯ ಎಂದು ಮಗಳು ತಲೆ ತಿಂದಳು, ಕಾನೂನೂ ಹಾಗೇ ಇದೆ, ಅದಕ್ಕೇ ನಿಜ ಹೇಳಿದೆ ಎಂದಿಟ್ಟುಕೋ. ದೊಡ್ಡ ಮನಸ್ಸಿನವಳು ಎಂದು ಯಾರ ಹತ್ತಿರವೂ ಹೊಗಳಬೇಡ. ನಿನ್ನ ಮೇಲಿನ ಕಿಚ್ಚು ಎಳ್ಳಷ್ಟೂ ಆರಿಲ್ಲ. ಅವರ ಕೊನೆಯ ದಿನಗಳ ಕೆಮ್ಮು ಕೇಳಿದವಳು ನೀನು. ಅದರಲ್ಲಿ ನನಗೆ ಪಾಲು ಕೊಡಿಸುವ ಕಾನೂನು ಯಾವುದೂ ಇಲ್ಲ.

ಇಂತಿ,
ಮರಗೆಲಸದವರ ಹೆಂಡತಿ

ಇನ್ನೊಂದು ಮಾತು: ಮನೆಯ ಒಡತಿಯಾಗಿ ನನ್ನದೊಂದೇ ಷರತ್ತು. ಆ ಕಪಾಟನ್ನು ಮೇಲಕ್ಕೆ ಹಾಕಿಸಬೇಡ. ಮದುವೆಯಾದ ಹೊಸದರಲ್ಲಿ ಅವರು ನನ್ನ ಅಡುಗೆಮನೆಗೂ ಒಂದು ಮಾಡಿದ್ದರು. ನನ್ನನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಬೆರಳು ಮುಟ್ಟಿದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಹಿಡಿ ಅಲ್ಲಿಗೇ ಬರುವಂತೆ ಕೂರಿಸಿದ್ದರು. ನೀನು ತಣ್ಣೀರಿಗೆಂದು ಬಚ್ಚಲಿಗೆ ಹೋದಾಗ ನಾನು ನಿನ್ನ ಕಪಾಟಿನ ಮುಂದೆ ನಿಂತು ಕೈ ಎತ್ತಿ ನೋಡಿದೆ. ಬೆರಳು ಸರಿಯಾಗಿ ಹಿಡಿಗೇ ಮುಟ್ಟಿತು.