ಎಡಗಡೆ ಕೂರುತ್ತಿದ್ದವಳಿಗೆ

ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ತಂಗಿ ಪುಟ್ಟಿಗೆ,

ನಿನ್ನ ಆ ಹಳೇ ಮೊಣಕಾಲು ನೋವು ಈಗ ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ? ದೇವರ ದಯೆಯಿಂದ ನಾವೆಲ್ಲ ಕ್ಷೇಮ. ಆರು ವರ್ಷ ತುಟಿ ಬಿಚ್ಚದವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡ. ಈ ಆರು ವರ್ಷದಲ್ಲಿ ಒಂದು ದಿನವೂ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಬಿಟ್ಟಿಲ್ಲ. ಹಲ್ಲು ಕಡಿದುಕೊಂಡೇ ಹೇಳುತ್ತಿದ್ದೆ, ಆದರೂ ಹೇಳಿದೆ.

ನಿನ್ನ ಭಾವನ ಸ್ವಭಾವ ಗೊತ್ತಲ್ಲ. ಹೊಲಿಗೆ ಅಂಗಡಿಗೆ ಬಂದವರ ಭುಜದಳತೆ ಹತ್ತು ವರ್ಷವಾದರೂ ಮರೆಯುವುದಿಲ್ಲ, ಮುಖ ಮಾತ್ರ ನೆನಪಿರುವುದಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಒಂದು ಮಾತಾಡಿದವರಲ್ಲ. ಅದನ್ನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಬೇರೆ. ನೀನು ರಜೆಗೆ ಬಂದು ಊಟದ ಮೇಜಿಗೆ ನನ್ನ ಪಕ್ಕ ಕೂತರೆ, ಎದುರು ಕೂತ ಅವರ ನೋಟ ನೇರ ನಿನ್ನ ಕಡೆ! ಉಪ್ಪು ಕೇಳುವುದು ನನ್ನನ್ನು, ನೋಡುವುದು ನಿನ್ನನ್ನು. ನಿನ್ನ ಮೂಗು, ನಿನ್ನ ನಗು, ಆ ಸೊಂಪಾದ ಕೂದಲು ಎಲ್ಲ ನನ್ನ ಎದೆಯಲ್ಲಿ ಕೆಂಡವಾಗುತ್ತಿತ್ತು. ಕೊನೆಗೆ ಆ ದಿನ "ನನ್ನ ಗಂಡನ ಕಣ್ಣು ನಿನ್ನ ಮೇಲೇ ಬೀಳೋ ಹಾಗೆ ಕೂರ್ತೀಯಲ್ಲ, ಇನ್ನು ಈ ಹೊಸಿಲು ತುಳೀಬೇಡ" ಅಂದುಬಿಟ್ಟೆ. ನೀನು ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದೆ. ಅವರು ಏನಾಯಿತೆಂದು ತಿಳಿಯದೆ ಉಣ್ಣುತ್ತಲೇ ಇದ್ದರು.

ಕಳೆದ ವಾರ ಮಗಳು ಕಾಲೇಜಿನಿಂದ ಒಂದು ಪರೀಕ್ಷೆ ತಂದಿದ್ದಳು. ಗಂಡಸರಲ್ಲಿ, ಹೆಂಗಸರಲ್ಲಿ ಆಟಿಸಂ ಲಕ್ಷಣಗಳು ಎಷ್ಟಿವೆ, ಎದುರಿನವರ ನೋಟ ಎತ್ತ ಇದೆ ಎಂದು ಅವರಿಗೆ ಎಷ್ಟು ಸರಿಯಾಗಿ ತಿಳಿಯುತ್ತದೆ, ಎರಡಕ್ಕೂ ನಂಟು ಇದೆಯೇ ಎಂದು ನೋಡುವುದಂತೆ. "ಕಾಯಿಲೆ ಅಲ್ಲಮ್ಮ, ಆ ಲಕ್ಷಣ ಚೂರುಪಾರು ಎಲ್ಲರಲ್ಲೂ ಇರುತ್ತೆ" ಅಂದಳು. ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಮುಖ ಬರುತ್ತದೆ. ಅದು ನಮ್ಮನ್ನು ನೋಡುತ್ತಿದೆಯೋ, ಪಕ್ಕಕ್ಕೆ ನೋಡುತ್ತಿದೆಯೋ ಹೇಳಬೇಕು. ನಾನು ಬಂದ ಮುಖಕ್ಕೆಲ್ಲ "ಪಕ್ಕದವಳನ್ನ" ಅಂದೆ. "ಅಮ್ಮಾ, ನಿನ್ನ ಪಕ್ಕ ಯಾರೂ ಇಲ್ಲ" ಎಂದು ನಕ್ಕಳು. ಆಮೇಲೆ ಅಪ್ಪನನ್ನು ಕೂರಿಸಿದಳು. ನಾಲ್ಕು ಮುಖ ಆಗುವಷ್ಟರಲ್ಲಿ ಅವರು ಬೆವರಿದರು. "ಕಣ್ಣು ನೋಡೋದು ಅಂದ್ರೆ ಉರಿಯೋ ಬಲ್ಬು ನೋಡಿದ ಹಾಗೆ ಮಗಳೇ. ನಾನು ಕಿವಿ ನೋಡ್ಕೊಂಡು ಮಾತಾಡ್ತೀನಿ. ನಿಮ್ಮಮ್ಮನ ಎಡಗಿವಿ ಕೆಳಗೆ ಒಂದು ಮಚ್ಚೆ ಇದೆ, ಅಲ್ಲಿ ನೋಡಿದ್ರೆ ಸಮಾಧಾನ" ಅಂದರು.

ಎರಡು ಕನ್ನಡಿ ಹಿಡಿದು ನೋಡಿದೆ ಪುಟ್ಟಿ. ಇದೆ. ಸಾಸಿವೆ ಕಾಳಿನಷ್ಟು. ಐವತ್ತು ವರ್ಷದಿಂದ ಹೊತ್ತುಕೊಂಡು ಓಡಾಡಿದ ನನಗೇ ಗೊತ್ತಿರಲಿಲ್ಲ. ನೀನು ಎಡಗೈಯಲ್ಲಿ ಉಣ್ಣುವವಳು, ಮೊಣಕೈ ತಾಗದಿರಲಿ ಎಂದು ಯಾವಾಗಲೂ ನನ್ನ ಎಡಗಡೆಗೇ ಕೂರುತ್ತಿದ್ದೆ. ಅವರು ನೋಡುತ್ತಿದ್ದದ್ದು ನನ್ನನ್ನೇ ಕಣೇ. ನಿನ್ನನ್ನು ಅಟ್ಟಿದ ಈ ನಾಲಿಗೆಯನ್ನು ದೇವರು ಕ್ಷಮಿಸಿಯಾನು. ನೀನು?

ಮಕ್ಕಳಿಗೆ ನನ್ನ ಮುತ್ತು. ನಿಮ್ಮೆಲ್ಲರ ತಲೆ ಮೇಲೆ ದೇವರ ಕೈ ಇರಲಿ.

ನಿನ್ನ ಹೊಟ್ಟೆಕಿಚ್ಚಿನ
ಅಕ್ಕ

ತಾ.ಕ.: ಮುಂದಿನ ಶನಿವಾರವೇ ಬಾ, ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಊಟಕ್ಕೆ ಮಾತ್ರ ನನ್ನ ಬಲಗಡೆ ಕೂರು. ಮೊಣಕೈ ತಾಗಿದರೆ ತಾಗಲಿ. ಎಲ್ಲ ತಿಳಿದ ಮೇಲೂ ಆ ಎಡಗಡೆಯನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.