ನಮ್ಮ ಸೇಬಿನ ತೋಟದ ನೀರಿಗೆ ನೀವು ಹಾಕಿದ ಬೀಗ

ಮಾನ್ಯ ತೋಟಗಾರಿಕೆ ಅಧಿಕಾರಿಗಳೇ,

ನಮ್ಮ ತೋಟದ ನೀರಿನ ಪೆಟ್ಟಿಗೆಗೆ ಹಾಕಿರುವ ಬೀಗದ ಕೀಲಿ ಕೊಡಿ. ಕುಶಲೋಪರಿ ಆಮೇಲೆ ಕೇಳುತ್ತೇನೆ, ಏಕೆಂದರೆ ತಮ್ಮ ಕಚೇರಿಯಲ್ಲಿ ಪತ್ರದ ಮೊದಲ ಸಾಲು ದಾಟಿ ಓದುವ ರೂಢಿಯಿಲ್ಲವೆಂದು ಕೇಳಿದ್ದೇನೆ.

ತಾವು ಮೊದಲ ಸಲ ಬಂದಾಗ ನಮ್ಮ ಸೇಬಿನ ಮರಗಳನ್ನು ಆಪಾದಮಸ್ತಕ ನೋಡಿ, ಪಾಪ, ಹೊಟ್ಟೆಗಿಲ್ಲದೆ ಸೊರಗಿವೆ ಎಂದಿರಿ. ಸಾರಜನಕ ಗೊಬ್ಬರ ಬೆರೆತ ನೀರು ಹಗಲಿರುಳು ಹನಿಯುವ ಏರ್ಪಾಡಾಯಿತು. ನಾವು ಕೈಯಾಡಿಸಬಾರದೆಂದು ಬೀಗವೂ ಬಿತ್ತು. ಮರಗಳು ಬಿಟ್ಟಿ ಊಟಕ್ಕೆ ಕೂತ ನೆಂಟರ ಹಾಗೆ ಉಂಡವು. ತಾವು ಕೋಲು ಹಿಡಿದು ಚಿಗುರಿನ ಉದ್ದ ಅಳೆದು, ಉತ್ತಮ ಬೆಳವಣಿಗೆಗೆಂದು ಪ್ರಥಮ ಬಹುಮಾನ ದಯಪಾಲಿಸಿದಿರಿ. ಬಹುಮಾನ ಏನು? ಇನ್ನಷ್ಟು ಗೊಬ್ಬರ. ಹಣ್ಣು ಅಳೆಯಲು ಆ ಕೋಲಿನಲ್ಲಿ ಗೆರೆಯೇ ಇರಲಿಲ್ಲವೇ?

ಹೋದ ಸುಗ್ಗಿಯಲ್ಲಿ ಬಿಟ್ಟ ನಾಲ್ಕಾರು ಸೇಬು ಎಲೆಗಳ ನೆರಳಲ್ಲಿ ಬಣ್ಣವೇರದೆ ಬಿಳಿಚಿಕೊಂಡಿದ್ದವು. ಕಚ್ಚಿದರೆ ನೀರು, ಇಟ್ಟರೆ ಕೊಳೆತ. ಬೇಲಿಯಾಚೆ ತಾವು ಬಡಕಲು ಎಂದು ಮೂಗು ಮುರಿದಿದ್ದ ನಾದಿನಿಯ ಪಾಲಿನ ಮರಗಳು ಹಣ್ಣಿನ ಭಾರಕ್ಕೆ ಬಾಗಿದ್ದವು. ಗಣ್ಯರು ನಮ್ಮ ಮಾದರಿ ತೋಟ ನೋಡಲು ಬರುವ ದಿನ ತಮ್ಮ ಸಿಬ್ಬಂದಿ ಅವಳ ಸೇಬುಗಳನ್ನೇ ತಂದು ನಮ್ಮ ಕೊಂಬೆಗಳಿಗೆ ದಾರದಲ್ಲಿ ಕಟ್ಟಿದರು. ಒಬ್ಬ ಗಣ್ಯರು ಕಿತ್ತ ಹಣ್ಣಿನ ಜೊತೆ ಗಂಟೂ ಬಂತು. ಇದೇನೆಂದು ಅವರು ಕೇಳಿದಾಗ ತಾವು ಕಣ್ಣು ಮಿಟುಕಿಸದೆ, "ಹೊಸ ತಳಿ ಸಾರ್" ಎಂದಿರಿ. ನಾನೂ ತಲೆಯಾಡಿಸಿದೆ. ಬಹುಮಾನಿತನಲ್ಲವೇ?

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬೇಲಿಯ ಎರಡೂ ಕಡೆಯ ಮರಗಳನ್ನು ನೆಟ್ಟವರು ನನ್ನ ಮಾವ. ಮುಂದಿನ ವರ್ಷದ ಹೂಮೊಗ್ಗು ಕೊಂಬೆಯೊಳಗೆ ಕೂಡುವುದು ಈ ಬೇಸಿಗೆಯಲ್ಲೇ. ಈಗಲೂ ಆ ನೀರು ನಿಲ್ಲದಿದ್ದರೆ ಮತ್ತೆ ಎಲೆಯೇ ಗತಿ. ಬೀಗ ಒಡೆಯಲು ಸುತ್ತಿಗೆ ಎತ್ತಿದೆ. ಸರ್ಕಾರಿ ಬೀಗವೆಂಬ ಭಯಕ್ಕೆ ಹಾಗೇ ಕೆಳಗಿಟ್ಟೆ. ನಿನ್ನೆ ಹೆಂಡತಿ ಮರದಡಿ ನಿಂತು ಕೇಳಿದಳು: "ಅಪ್ಪನ ಮರದ್ದು ಒಂದು ಹಣ್ಣು ತಿನ್ನೋಕೂ ನಾನು ತಂಗಿ ಮನೆಗೇ ಹೋಗ್ಬೇಕೇನ್ರೀ?" ನನಗೆ ಅಳು ಬಂತು ಸ್ವಾಮಿ, ಸುಳ್ಳೇಕೆ ಹೇಳಲಿ.

ಆದ್ದರಿಂದ ಕೀಲಿಯನ್ನು ಈ ವಾರವೇ ಕಳಿಸತಕ್ಕದ್ದು. ತಮ್ಮ ಸಿಬ್ಬಂದಿ ಮರೆತುಹೋದ ದಾರದ ಉಂಡೆ ನನ್ನ ಬಳಿ ಇದೆ. ಕೀಲಿ ಬಂದರೆ ಅದನ್ನು ಹಿಂದಿರುಗಿಸುತ್ತೇನೆ. ಬಾರದಿದ್ದರೆ ಜೋಪಾನವಾಗಿ ಇಟ್ಟಿರುತ್ತೇನೆ, ಮುಂದಿನ ಸುಗ್ಗಿಗೂ ತಮಗೆ ಬೇಕಾಗುತ್ತದೆ.

ಇಂತಿ,
ಪ್ರಥಮ ಬಹುಮಾನ ಪಡೆದ ಎಲೆ ಬೆಳೆಗಾರ